ಅರ್ಧಕ್ಕೆ ನಿಲ್ಲುವ ಡ್ರೈಯರ್: ದೋಷ ಎಲ್ಲಿರಬಹುದು?

ಪ್ರಶ್ನೆ (ಬನಶಂಕರಿಯಿಂದ)

ನಮ್ಮಲ್ಲಿರುವುದು ಬಿಸಿಗಾಳಿಯನ್ನು ಪೈಪಿನ ಮೂಲಕ ಹೊರಗೆ ಬಿಡುವ ಬಗೆಯ 7 ಕಿಲೋ ಡ್ರೈಯರ್. ಮಳೆಗಾಲದಲ್ಲಿ ಯುಟಿಲಿಟಿಯಲ್ಲಿ ಹರವಿದ ಬಟ್ಟೆ ಎರಡು ದಿನವಾದರೂ ಒಣಗದೆ ಮುಗ್ಗಲು ಹಿಡಿಯುತ್ತಿದ್ದುದರಿಂದ, ಮುಖ್ಯವಾಗಿ ಮಗುವಿನ ಬಟ್ಟೆಗಳಿಗಾಗಿ ಅದನ್ನು ಕೊಂಡೆವು. ಎರಡು ವಾರಗಳಿಂದ ಅದು 20–25 ನಿಮಿಷ ತಿರುಗಿ ನಿಂತುಬಿಡುತ್ತದೆ. ಕೂಡಲೇ ಗುಂಡಿ ಒತ್ತಿದರೆ ಕದಲುವುದಿಲ್ಲ. ಅರ್ಧ ಗಂಟೆ ಬಿಟ್ಟು ಒತ್ತಿದರೆ ಏನೂ ಆಗಿಲ್ಲವೆಂಬಂತೆ ತಿರುಗುತ್ತದೆ. ರಿಪೇರಿಗೆ ಬಂದವರು ಯಂತ್ರವನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಬೋರ್ಡ್ ಬದಲಿಸಬೇಕೆಂದು ಹೇಳಿ ಹೋಗಿದ್ದಾರೆ. ಅದಕ್ಕೆ ಒಪ್ಪುವ ಮೊದಲು ನಾವೇ ಪರೀಕ್ಷಿಸಬಹುದಾದದ್ದು ಏನಾದರೂ ಇದೆಯೇ?

ಉತ್ತರ (ಮಲ್ಲೇಶ್ವರದಿಂದ)

ದಯವಿಟ್ಟು ಬೋರ್ಡಿಗೆ ಈಗಲೇ ಹಣ ಕೊಡಬೇಡಿ. ತಣ್ಣಗಾದ ಮೇಲೆ ಯಂತ್ರ ಮತ್ತೆ ಓಡುತ್ತಿದೆ ಎಂದರೆ, ಮೋಟರ್ ಮಿತಿಮೀರಿ ಕಾದಾಗ ಕರೆಂಟನ್ನು ಕಡಿದು, ತಣಿದ ಬಳಿಕ ತಾನಾಗಿಯೇ ಜೋಡಿಸುವ ಓವರ್‌ಲೋಡ್ ಪ್ರೊಟೆಕ್ಟರ್ ಕೆಲಸ ಮಾಡುತ್ತಿದೆ ಎಂದು ಮೊದಲು ಅನುಮಾನಿಸಬೇಕು. ಮೋಟರ್ ಹೀಗೆ ಕಾಯಲು ಸಾಮಾನ್ಯ ಕಾರಣವೆಂದರೆ ಗಾಳಿಯ ದಾರಿ ಕಟ್ಟಿಕೊಂಡಿರುವುದು.

ಪ್ಲಗ್ ಕಿತ್ತು, ಬಟ್ಟೆಯಿಂದ ಉದುರುವ ನೂಲಿನ ಧೂಳನ್ನು ಹಿಡಿಯುವ ಲಿಂಟ್ ಜಾಲರಿಯನ್ನು ಹೊರತೆಗೆದು ನಲ್ಲಿಯ ಕೆಳಗೆ ಹಿಡಿಯಿರಿ. ನೋಡಲು ಚೊಕ್ಕಟವಾಗಿದ್ದರೂ ನೀರು ಸರಾಗವಾಗಿ ಇಳಿಯದೆ ಮೇಲೆಯೇ ನಿಂತರೆ, ಫ್ಯಾಬ್ರಿಕ್ ಕಂಡೀಷನರಿನ ಜಿಡ್ಡು ಕಣ್ಣಿಗೆ ಕಾಣದ ಪದರವಾಗಿ ಕೂತಿದೆ ಎಂದರ್ಥ. ಸೋಪಿನ ನೀರು ಮತ್ತು ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ, ಪೂರ್ತಿ ಒಣಗಿಸಿ ಹಾಕಿ. ಆಮೇಲೆ ಪೈಪನ್ನು ಕಳಚಿ, ಕಿಟಕಿ ತೆರೆದಿಟ್ಟು, ಎದುರಿಗೇ ನಿಂತು ಒಂದು ಬಾರಿ ಓಡಿಸಿ ನೋಡಿ. ಆಗ ನಿಲ್ಲದಿದ್ದರೆ ತಪ್ಪು ಯಂತ್ರದ್ದಲ್ಲ, ಪೈಪಿನದು. ಆಗಲೂ ನಿಂತರೆ ಮೋಟರ್, ಅದರ ಕೆಪಾಸಿಟರ್ ಮತ್ತು ಡ್ರಮ್ಮಿನ ಉರುಳೆಗಳನ್ನು ಪರೀಕ್ಷಿಸಲು ಬಲ್ಲವರನ್ನೇ ಕರೆಯಬೇಕು.

ಉತ್ತರ (ವಿಜಯನಗರದಿಂದ)

ನಿಂತಾಗ ಮುಂಭಾಗದ ದೀಪಗಳೂ ಆರುತ್ತವೆಯೇ ಎಂಬುದನ್ನೂ ಗಮನಿಸಿ. ಅವೂ ಆರಿದರೆ ಸಾಕೆಟ್ಟಿನ ಕಡೆ ನೋಡಬೇಕು. 2,000 ವ್ಯಾಟಿನ ಡ್ರೈಯರ್ 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ. ಅದನ್ನು 16 ಆಂಪಿಯರ್ ಸಾಕೆಟ್ಟಿಗೆ ನೇರವಾಗಿ ಸಿಕ್ಕಿಸಬೇಕೇ ಹೊರತು ಎಕ್ಸ್‌ಟೆನ್ಷನ್ ಬೋರ್ಡಿಗಲ್ಲ. ನಮ್ಮ ಮನೆಯಲ್ಲಿ ಪ್ಲಗ್ಗಿನ ಒಂದು ಕಡ್ಡಿಯ ಬುಡ ಕಪ್ಪಾಗಿ, ಸುತ್ತಲಿನ ಪ್ಲಾಸ್ಟಿಕ್ ಮೆತ್ತಗಾಗಿತ್ತು.

ಪ್ರಶ್ನೆ ಕೇಳಿದವರು

ದೀಪಗಳು ಉರಿಯುತ್ತಲೇ ಇರುತ್ತವೆ, ಸಾಕೆಟ್ ಬಿಸಿಯಾಗಿಲ್ಲ. ಪೈಪ್ ಕಳಚಿ ಓಡಿಸಿದಾಗ ಡ್ರೈಯರ್ ಕೊನೆಯವರೆಗೂ ನಿಲ್ಲಲಿಲ್ಲ! ಕುರ್ಚಿ ಹಾಕಿ ಹತ್ತಿ ಗೋಡೆಯ ರಂಧ್ರವನ್ನು ನೋಡಿದರೆ, ಪಾರಿವಾಳ ಬಾರದಿರಲೆಂದು ನಾವೇ ಹೊಡೆಸಿದ್ದ ಸಣ್ಣ ಕಣ್ಣಿನ ತಂತಿಬಲೆಗೆ ಬೂದು ಬಣ್ಣದ ನೂಲಿನ ಧೂಳು ಕಂಬಳಿಯಂತೆ ಮೆತ್ತಿಕೊಂಡು, ಒಂದು ಕಣ್ಣೂ ತೆರೆದಿರಲಿಲ್ಲ. ಅದನ್ನು ತೆಗೆದ ಮೇಲೆ ಮೂರು ಸಲ ಬಟ್ಟೆ ಒಣಗಿಸಿದ್ದೇವೆ, ಒಮ್ಮೆಯೂ ನಿಂತಿಲ್ಲ. ನಿಮ್ಮಿಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಆದರೆ ಬಲೆಯಿಲ್ಲದಿದ್ದರೆ ಪಾರಿವಾಳ ಗೂಡು ಕಟ್ಟುವುದು ಖಂಡಿತ. ಏನು ಮಾಡಬೇಕು?

ಉತ್ತರ (ಮಲ್ಲೇಶ್ವರದಿಂದ)

ಗಾಳಿ ಬಂದಾಗ ತೆರೆದು, ನಿಂತಾಗ ತಾನಾಗಿ ಮುಚ್ಚಿಕೊಳ್ಳುವ ರೆಕ್ಕೆಯ ಮುಚ್ಚಳವನ್ನು ಹಾಕಿಸಿ. ಬಲೆಯನ್ನು ಮತ್ತೆ ಹೊಡೆಸಬೇಡಿ, ಏಕೆಂದರೆ ಆ ಧೂಳು ಬಹಳ ಬೇಗ ಬೆಂಕಿ ಹಿಡಿಯುತ್ತದೆ. ಪೈಪಿನ ಒಳಗನ್ನೂ ಈಗಲೇ ಶುಚಿಗೊಳಿಸಿ, ಡ್ರೈಯರನ್ನು ಗೋಡೆಗೆ ಒತ್ತಿ ನಿಲ್ಲಿಸುವಾಗ ಪೈಪ್ ಮಡಿಚಿಕೊಳ್ಳದಂತೆ ಜಾಗ ಬಿಡಿ. ಮುಂದೆಂದಾದರೂ ಥರ್ಮಲ್ ಫ್ಯೂಸ್ (ಯಂತ್ರ ಅತಿಯಾಗಿ ಕಾದಾಗ ಕರೆಂಟನ್ನು ಕಡಿಯುವ ರಕ್ಷಣಾ ಭಾಗ) ಹೋಗಿ ಯಂತ್ರ ಪೂರ್ತಿ ನಿಂತರೆ, ಅದನ್ನು ತೆಗೆದು ತಂತಿಯನ್ನು ನೇರವಾಗಿ ಜೋಡಿಸಲು ಯಾರಿಗೂ ಬಿಡಬೇಡಿ.