ಪದಚರ್ಚೆ: ಲಿನಕ್ಸ್ ‘ಉಚಿತ’ವೋ, ‘ಮುಕ್ತ’ವೋ, ‘ಸ್ವತಂತ್ರ’ವೋ?

ಮಾನ್ಯರೇ,

ಪ್ರೌಢಶಾಲೆಯ ಮಕ್ಕಳಿಗಾಗಿ, ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶವಾದ ಲಿನಕ್ಸ್ ಕುರಿತು ಒಂದು ಪರಿಚಯ ಲೇಖನವನ್ನು ಸಿದ್ಧಪಡಿಸುತ್ತಿದ್ದೇನೆ. ‘ಲಿನಕ್ಸ್ ಒಂದು ಉಚಿತ ಕಾರ್ಯಾಚರಣ ವ್ಯವಸ್ಥೆ’ ಎಂಬ ವಾಕ್ಯ ನಮ್ಮಲ್ಲಿ ರೂಢಿಯಾಗಿದೆ. ಇಂಗ್ಲಿಷಿನ ‘ಫ್ರೀ ಸಾಫ್ಟ್‌ವೇರ್’ ಎಂಬಲ್ಲಿನ ‘ಫ್ರೀ’ಗೆ ಬೆಲೆಯಿಲ್ಲದ್ದು ಎಂದಲ್ಲ, ಸ್ವಾತಂತ್ರ್ಯವುಳ್ಳದ್ದು ಎಂಬ ಅರ್ಥವಿರುವುದರಿಂದ, ಇಲ್ಲಿನ ‘ಉಚಿತ’ ಪದ ತಪ್ಪು ಅರ್ಥ ಕೊಡುತ್ತದೆ ಎಂಬುದು ನನ್ನ ಅಭಿಪ್ರಾಯ. ಅದರ ಬದಲಿಗೆ ಯಾವುದನ್ನು ಬಳಸಬೇಕೆಂಬ ವಿಷಯದಲ್ಲಿ ತಮ್ಮ ಸಲಹೆಯನ್ನು ಕೋರುತ್ತೇನೆ.

ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಲಿನಸ್ ಟೊರ್ವಾಲ್ಡ್ಸ್ 1991ರ ಸೆಪ್ಟೆಂಬರಿನಲ್ಲಿ ಹೊರತಂದ ಮೊದಲ ಆವೃತ್ತಿಯ ಪರವಾನಗಿಯಲ್ಲಿ, ಇದನ್ನು ಹಂಚುವವರು ಹಣ ಪಡೆಯಕೂಡದು, ಪ್ರತಿ ಮಾಡಿ ಕಳಿಸುವ ಖರ್ಚನ್ನೂ ಕೇಳಕೂಡದು ಎಂಬ ನಿಬಂಧನೆಯಿತ್ತು. ಅಂದರೆ ಲಿನಕ್ಸ್ ಆಗ ನಿಜಕ್ಕೂ ‘ಉಚಿತ’ವಾಗಿತ್ತು, ಆದರೆ ಅದನ್ನು ಫ್ಲಾಪಿಗೆ ತುಂಬಿ ಕೊಡುವವರು ಫ್ಲಾಪಿಯ ಬೆಲೆಯನ್ನೂ ಕೈಯಿಂದಲೇ ಹಾಕಬೇಕಿತ್ತು. 1992ರ ಆರಂಭದಲ್ಲಿ ಅವರು, ಇಂಥ ‘ಫ್ರೀ’ ತಂತ್ರಾಂಶಗಳನ್ನು ರೂಪಿಸುವ ಗ್ನೂ ಯೋಜನೆಯ ಜಿಪಿಎಲ್ (ಜನರಲ್ ಪಬ್ಲಿಕ್ ಲೈಸೆನ್ಸ್) ಪರವಾನಗಿಯನ್ನು ಒಪ್ಪಿಕೊಂಡಾಗ ಈ ನಿರ್ಬಂಧ ಹೋಯಿತು. ಬೇಕಾದರೆ ಬೆಲೆಗೆ ಮಾರಬಹುದು, ಆದರೆ ಕೊಂಡವರಿಗೆ ಪ್ರೋಗ್ರಾಂ ಬರೆದ ಮೂಲ ಸಂಕೇತ (ಸೋರ್ಸ್ ಕೋಡ್) ದೊರೆಯಬೇಕು, ಅದನ್ನು ಓದುವ, ತಿದ್ದುವ, ತಿದ್ದಿದ್ದನ್ನು ಮತ್ತೆ ಹಂಚುವ ಹಕ್ಕು ಅವರಿಗಿರಬೇಕು ಎಂಬುದೇ ಆ ಪರವಾನಗಿಯ ತಿರುಳು. ಉಚಿತವೇ ಆಗಿರಬೇಕೆಂಬ ಕಟ್ಟಳೆಯನ್ನು ಬಿಟ್ಟ ಮೇಲೆಯೇ ಲಿನಕ್ಸ್ ‘ಫ್ರೀ ಸಾಫ್ಟ್‌ವೇರ್’ ಆಯಿತು.

‘ಉಚಿತ’ಕ್ಕೆ ‘ತಕ್ಕದ್ದು’ ಎಂಬ ಹಳೆಯ ಅರ್ಥ ‘ಸಮಯೋಚಿತ’, ‘ಅನುಚಿತ’ಗಳಲ್ಲಿ ಉಳಿದಿದೆಯಾದರೂ, ಬಿಡಿಯಾಗಿ ನಿಂತಾಗ ಅದು ಉಚಿತ ನೇತ್ರ ತಪಾಸಣಾ ಶಿಬಿರದ ‘ಉಚಿತ’ವೇ. ಲಿನಕ್ಸ್ ಆಧಾರಿತ ವ್ಯವಸ್ಥೆಯಾದ ಡೆಬಿಯನ್‌ನಲ್ಲಿ ಕಮಾಂಡ್ ತೆರೆಗೆ ಲಾಗಿನ್ ಆದೊಡನೆ, ಇದರಲ್ಲಿರುವ ಪ್ರೋಗ್ರಾಂಗಳು ಫ್ರೀ ಸಾಫ್ಟ್‌ವೇರ್ ಎಂದೂ ಪ್ರತಿಯೊಂದರ ಹಂಚಿಕೆಯ ನಿಬಂಧನೆಗಳು ಇಂಥ ಕಡತದಲ್ಲಿವೆ ಎಂದೂ ಒಂದು ಸಾಲು ಕಾಣಿಸುತ್ತದೆ. ಅಲ್ಲಿ ‘ಉಚಿತ’ ಎಂದು ಬರೆದರೆ, ಪುಕ್ಕಟೆ ಕೊಟ್ಟದ್ದಕ್ಕೆ ನಿಬಂಧನೆಯೇಕೆ ಎಂದು ಮಕ್ಕಳು ಕೇಳುವುದು ಸಹಜ.

‘ಮುಕ್ತ’ ಒಳ್ಳೆಯ ಪದ; ಮುಕ್ತ ವಿಶ್ವವಿದ್ಯಾನಿಲಯದಿಂದಾಗಿ ಎಲ್ಲರಿಗೂ ಪರಿಚಿತ. ಆದರೆ 1998ರಿಂದ ಬಳಕೆಗೆ ಬಂದ ‘ಓಪನ್ ಸೋರ್ಸ್’ಗೂ ನಾವು ‘ಮುಕ್ತ’ವನ್ನೇ ಬಳಸುತ್ತಿರುವುದರಿಂದ, ಬಳಕೆದಾರನ ಹಕ್ಕನ್ನು ಮುಂದಿಡುವ ‘ಫ್ರೀ ಸಾಫ್ಟ್‌ವೇರ್’ ಎಂಬ ಹೆಸರಿಗೂ ತಂತ್ರಾಂಶವನ್ನು ಕಟ್ಟುವ ರೀತಿಯನ್ನು ಮುಂದಿಡುವ ‘ಓಪನ್ ಸೋರ್ಸ್’ ಎಂಬ ಹೆಸರಿಗೂ ಇರುವ ವ್ಯತ್ಯಾಸ ಅಳಿಸಿಹೋಗುತ್ತದೆ. ಅಚ್ಚಗನ್ನಡದ ‘ಬಿಡುಗಡೆ’ ಹೊಸ ಆವೃತ್ತಿ ಹೊರಬರುವುದಕ್ಕೆ ಆಗಲೇ ನಿಂತುಬಿಟ್ಟಿದೆ.

ಉಳಿದದ್ದು ‘ಸ್ವತಂತ್ರ’. ಮಲಯಾಳಂನಲ್ಲಿ ಇದೇ ಬಳಕೆಯಲ್ಲಿದೆ, ನನ್ನ ಒಲವೂ ಇದರ ಕಡೆಗೇ. ಆದರೂ ‘ಸ್ವತಂತ್ರ ಅಭ್ಯರ್ಥಿ’ ಎಂಬಲ್ಲಿನಂತೆ, ಯಾವುದಕ್ಕೂ ಸೇರದೆ ತಾನಾಗಿ ನಿಲ್ಲುವ ತಂತ್ರಾಂಶವೆಂದು ಓದುಗರು ತಿಳಿಯಬಹುದು. ಇಲ್ಲಿ ಸ್ವಾತಂತ್ರ್ಯವಿರುವುದು ಬಳಸುವವರಿಗೆ. ಈ ತೊಡಕನ್ನು ಮೊದಲ ಪ್ರಯೋಗದಲ್ಲೇ ಒಂದು ವಾಕ್ಯದ ವಿವರಣೆಯಿಂದ ನಿವಾರಿಸಿದರೆ ಸಾಕೇ, ಅಥವಾ ಹಕ್ಕು ಬಳಸುವವರದೆಂದು ತಾನೇ ಹೇಳುವ ಬೇರೆ ಪದವನ್ನು ತಾವು ಯಾರಾದರೂ ಬಳಸಿದ್ದೀರಾ? ಪ್ರಯೋಗದ ವಾಕ್ಯದೊಡನೆ ತಿಳಿಸಿದರೆ ಉಪಕಾರವಾಗುತ್ತದೆ.