ಅಬಿಸ್ತಾ ಯಾಕೆ ಗಂಟಾಗುತ್ತೆ? ಯಾರಾದ್ರೂ ಮಾಡಿದ್ದೀರಾ?

ಮುದ್ದೆಪ್ರಿಯ:
ಹೋದ ತಿಂಗಳು ಕಪ್ಪು ಸಮುದ್ರದ ದಂಡೆಯ ಅಬ್ಖಾಜಿಯಾದಲ್ಲಿ, ಗುದೌತಾ ಹತ್ತಿರದ ಒಂದು ಹಳ್ಳಿ ಮನೆಯಲ್ಲಿ ನಾಲ್ಕು ದಿನ ಇದ್ದೆ. ಆ ಮನೆಯ ಅಜ್ಜಿ ದಿನಾ ಅಬಿಸ್ತಾ ಮಾಡುತ್ತಿದ್ದರು. ಮೆಕ್ಕೆಜೋಳದ ಹಿಟ್ಟಿನದು, ನೋಡೋಕೆ ನಮ್ಮ ಮುದ್ದೆಗೆ ತಂಗಿ ಇದ್ದ ಹಾಗೆ. ರಷ್ಯನ್ನರು ಮಮಲಿಗಾ ಅಂತಾರೆ. ಒಂದು ದಿನ ಮರದ ಸಟ್ಟುಗ ನನ್ನ ಕೈಗೆ ಕೊಟ್ಟರು. ಐದು ನಿಮಿಷಕ್ಕೇ ತೋಳು ಸೋತಿತು, ಅಜ್ಜಿ ನಕ್ಕು ವಾಪಸ್ ಕಿತ್ತುಕೊಂಡರು.

ಈಗ ಬೆಂಗಳೂರಲ್ಲಿ ಮೂರು ಸಲ ಮಾಡಿದೆ. ರಾಗಿ ಮುದ್ದೆಗೆ ಹಾಕೋ ಹಾಗೆ ಕುದಿಯೋ ನೀರಿಗೆ ಹಿಟ್ಟು ಸುರಿದು ತಿರುವಿದರೆ ಬರೀ ಗಂಟು, ತಿಂದರೆ ಮರಳು ಮರಳು. ಅಂದ ಹಾಗೆ ಅಜ್ಜಿ ಉಪ್ಪೇ ಹಾಕಲಿಲ್ಲ. ಮರೆತರಾ?

ಕಪ್ಪುಸಮುದ್ರ:
ಮರೆತಿಲ್ಲ ಮಾರಾಯ್ರೆ, ಅಬಿಸ್ತಾಗೆ ಉಪ್ಪು ಹಾಕಲ್ಲ. ಪಕ್ಕದಲ್ಲಿ ಅಜಿಕಾ ಇರುತ್ತಲ್ಲ, ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಕಲ್ಲಿನ ಮೇಲೆ ಅರೆದಿದ್ದು, ಜೊತೆಗೆ ಉಪ್ಪುನೀರಲ್ಲಿ ಇಟ್ಟ ಚೀಸ್. ಉಪ್ಪೆಲ್ಲ ಅಲ್ಲೇ ಇದೆ.

ನಾನು ರಷ್ಯಾದ ಸೋಚಿಯಲ್ಲಿ ಎರಡು ವರ್ಷ ಕೆಲಸಕ್ಕಿದ್ದೆ, ಪ್ಸೋವು ನದಿ ದಾಟಿದರೆ ಅಬ್ಖಾಜಿಯಾ, ಹಾಗಾಗಿ ಇದನ್ನು ಬೇಕಾದಷ್ಟು ತಿಂದಿದ್ದೇನೆ. ನಿಮ್ಮ ತಪ್ಪು ಇರೋದು ಹಿಟ್ಟು ಒಂದೇ ಸಲ ಸುರಿಯೋದರಲ್ಲಿ. ಮೊದಲು ಸ್ವಲ್ಪ ಹಿಟ್ಟನ್ನು ನೀರಿಗೆ ಉದುರಿಸಿ ತೆಳ್ಳಗೆ, ನಮ್ಮ ಅಂಬಲಿ ಹಾಗೆ ಮಾಡಿಕೊಳ್ಳಿ. ಅದು ಸಣ್ಣ ಉರಿಯಲ್ಲಿ ಅರ್ಧ ಗಂಟೆಗೂ ಜಾಸ್ತಿ ಕೊತಕೊತ ಅನ್ನಲಿ, ಆಗಾಗ ಕೈಯಾಡಿಸಿ. ಮೆಕ್ಕೆಜೋಳ ರಾಗಿ ಹಾಗಲ್ಲ, ಬೇಗ ಬೇಯಲ್ಲ, ಆ ಮರಳು ಅದೇ. ಆಮೇಲೆ ಉಳಿದ ಹಿಟ್ಟನ್ನು ಹಿಡಿ ಹಿಡಿಯಾಗಿ ಹಾಕುತ್ತಾ ಪಾತ್ರೆ ಗೋಡೆಗೆ ಒತ್ತಿ ಒತ್ತಿ ತಿರುವಿ.

ಅಡುಗೆಮನೆಇಣುಕು:
ಯಾವ ಹಿಟ್ಟು ತಂದಿದ್ದೀರಿ? ಅಂಗಡಿಯಲ್ಲಿ ಕಾರ್ನ್ ಫ್ಲೋರ್ ಅಂತ ಕೊಡೋ ಬಿಳಿ ನುಣುಪು ಪುಡಿ ತಂದಿದ್ದರೆ ಅದು ಬರೀ ಪಿಷ್ಟ, ಗೋಂದಾಗುತ್ತೆ ಅಷ್ಟೇ. ಮಕ್ಕಿ ರೊಟ್ಟಿ ಹಿಟ್ಟು ಕೇಳಿ.

ಮುದ್ದೆಪ್ರಿಯ:
ಇಲ್ಲ, ರೊಟ್ಟಿ ಹಿಟ್ಟೇ. ಚೀಸ್‌ಗೆ ಏನು ಮಾಡ್ತೀರಿ? ಅಜ್ಜಿ ಬಿಸಿ ಅಬಿಸ್ತಾ ಒಳಗೆ ಚೀಸ್ ತುಂಡುಗಳನ್ನು ಸಿಕ್ಕಿಸುತ್ತಿದ್ದರು, ಕರಗಿ ಎಳೆ ಎಳೆಯಾಗಿ ಬರೋದು.

ಕಪ್ಪುಸಮುದ್ರ:
ಪನೀರ್ ಬೇಡ, ಅದು ಕರಗಲ್ಲ. ಮೊಜರೆಲ್ಲಾ ಗಟ್ಟಿ ತುಂಡನ್ನು ರಾತ್ರಿಯಿಡೀ ಉಪ್ಪುನೀರಲ್ಲಿ ಇಡಿ, ಸುಮಾರಾಗಿ ಹತ್ತಿರ ಬರುತ್ತೆ. ಕೈಯಲ್ಲೇ ತಿನ್ನಿ. ಪಾತ್ರೆ ತಳಕ್ಕೆ ಹತ್ತಿಕೊಂಡ ಗರಿಗರಿ ಪದರ ಇರುತ್ತಲ್ಲ, ಅದನ್ನು ಕೆರೆದು ಯಾರಿಗೂ ಹೇಳದೆ ನೀವೇ ತಿನ್ನಿ.