ಹೈಬರ್ನೇಟ್ 5ರಿಂದ 6ಕ್ಕೆ ಹೋಗ್ಲಿಕ್ಕುಂಟು, ಪಟ್ಟಿ ನಿಧಾನ, ಅಡಿಕೆ ದರ್ಜೆ ಅದಲುಬದಲು: ಅನುಭವ ಇದ್ದವರು ಹೇಳಿ

ಪ್ರಶ್ನೆ, ಬದಿಯಡ್ಕದಿಂದ

ನಮಸ್ಕಾರ. ನಮ್ಮದು ಸಣ್ಣ ತಂಡ. ಇಲ್ಲಿ ಒಂದೆರಡು ಸಹಕಾರಿ ಸಂಘಗಳ ಅಡಿಕೆ ಖರೀದಿ, ಸದಸ್ಯರ ಖಾತೆ, ರಶೀದಿಯ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇವೆ. ಬರೆದವರು ಕೆಲಸ ಬಿಟ್ಟು ಹೋಗಿ ಕಾಲ ಆಯ್ತು. ಜಾವಾ 8, ಸ್ಪ್ರಿಂಗ್ ಬೂಟ್ 2.3 (ಜಾವಾ ಅಪ್ಲಿಕೇಶನಿನ ಚೌಕಟ್ಟು), ಹೈಬರ್ನೇಟ್ 5.4 (ಜಾವಾ ಕ್ಲಾಸುಗಳನ್ನು ಟೇಬಲುಗಳಿಗೆ ಹೊಂದಿಸುವ, ಅಂದರೆ ಮ್ಯಾಪಿಂಗ್ ಮಾಡುವ ಲೈಬ್ರರಿ), ಕೆಳಗೆ ಡೇಟಾಬೇಸ್ ಮೈಎಸ್‌ಕ್ಯೂಎಲ್. ಹೈಬರ್ನೇಟಿನ ಮೇಲೆ ಅವರದ್ದೇ ಒಂದು ಹೊದಿಕೆ ಲೈಬ್ರರಿ ಬೇರೆ ಉಂಟು, ಪೂರ್ತಿ ಹೈಬರ್ನೇಟಿನ ಹಳೇ ಕ್ರೈಟೀರಿಯಾ ಎಪಿಐಯಲ್ಲಿ (ಕ್ವೆರಿಯನ್ನು ಜಾವಾ ಕೋಡಿನಲ್ಲೇ ಕಟ್ಟುವ ರೀತಿ) ಬರೆದದ್ದು. ಎಲ್ಲ ಸ್ಕ್ರೀನೂ ಅದರ ಮೂಲಕವೇ ಡೇಟಾಬೇಸ್ ಮುಟ್ಟುವುದು.

ಈಗ ತಲೆನೋವು ಏನೆಂದರೆ, ದಿನದ ಖರೀದಿ ಪಟ್ಟಿ ಒತ್ತಿದರೆ ಚಾ ಕುಡಿದು ಬರಬಹುದು, ಅಷ್ಟು ಹೊತ್ತು. ಬೆಳಿಗ್ಗೆ ಮೊದಲನೇ ಬಿಲ್ಲು ‘ಕಮ್ಯುನಿಕೇಶನ್ಸ್ ಲಿಂಕ್ ಫೇಲ್ಯೂರ್’ ಅಂತ ಬೀಳ್ತದೆ, ಇನ್ನೊಮ್ಮೆ ಒತ್ತಿದರೆ ಸರಿ. ಮತ್ತೆ ಕಳೆದ ಅಪ್‌ಡೇಟ್ ಹಾಕಿದ ಮೇಲೆ ಹಳೇ ರಶೀದಿ ತೆಗೆದರೆ ಪಟೋರ ಇದ್ದಲ್ಲಿ ಡಬಲ್ ಚೋಲ್ ಅಂತ (ಎರಡೂ ಅಡಿಕೆಯ ದರ್ಜೆ) ಬರ್ತಾ ಉಂಟು. ಕೃಷಿಕರು ರಶೀದಿ ಹಿಡ್ಕೊಂಡು ಕೌಂಟರಿಗೆ ಬಂದಿದ್ದಾರೆ. ಇದರ ಮಧ್ಯೆ ಜಾವಾ 8 ಬಿಡಲೇಬೇಕು ಅಂತ ಮೇಲಿನಿಂದ ಒತ್ತಾಯ. ಹೈಬರ್ನೇಟ್ 6ಕ್ಕೆ ಒಂದೇ ಸಲ ಹಾರುವುದಾ, ಹೊದಿಕೆಯನ್ನು ಬಿಸಾಡುವುದಾ, ಅಲ್ಲ ಈ ಮ್ಯಾಪಿಂಗೇ ಬೇಡ ಅಂತ ನೇರ ಎಸ್‌ಕ್ಯೂಎಲ್ ಬರೆಯುವುದಾ?

ಹೊಸೂರಿನಿಂದ

ಯಾವುದೂ ಈಗಲೇ ಬೇಡ ಸರ್. ಒಳಗೆ ಏನು ಓಡ್ತಿದೆ ಅಂತ ಕಣ್ಣಿಗೆ ಕಾಣೋ ತನಕ ಆವೃತ್ತಿ ಮುಟ್ಟಬೇಡಿ. ಇವತ್ತು ಗೊತ್ತಿಲ್ಲದ ತೊಂದರೆ ಮೇಲೆ ನಾಳೆ 6ರ ತೊಂದರೆ ಬಂದು ಕೂತರೆ, ಯಾವುದು ಯಾರ ಮಗು ಅಂತ ಗುರುತು ಹಿಡಿಯೋಕಾಗಲ್ಲ.

ಲಾಗ್‌ಬ್ಯಾಕ್‌ನಲ್ಲಿ ಆರ್ಗ್.ಹೈಬರ್ನೇಟ್.ಎಸ್‌ಕ್ಯೂಎಲ್ ಅನ್ನೋ ಲಾಗರನ್ನ ಡೀಬಗ್‌ಗೆ ಹಾಕಿ. ಶೋ-ಎಸ್‌ಕ್ಯೂಎಲ್ ಆನ್ ಮಾಡೋದಕ್ಕಿಂತ ಇದು ವಾಸಿ, ಅದು ಲಾಗ್ ಫೈಲ್ ಬಿಟ್ಟು ಕನ್ಸೋಲಿಗೆ ಉಗುಳುತ್ತೆ. ಪ್ರಶ್ನೆ ಗುರುತಿನ ಜಾಗದಲ್ಲಿ ಯಾವ ಬೆಲೆ ಹೋಯ್ತು ಅಂತ ಬೇಕಿದ್ರೆ 5ರಲ್ಲಿ ಬೇಸಿಕ್‌ಬೈಂಡರ್ ಅನ್ನೋ ಲಾಗರ್ ಟ್ರೇಸ್‌ಗೆ. 6ರಲ್ಲಿ ಅದರ ಹೆಸರು ಬದಲಾಗಿ ಆರ್ಗ್.ಹೈಬರ್ನೇಟ್.ಓಆರ್‌ಎಂ.ಜೆಡಿಬಿಸಿ.ಬೈಂಡ್ ಆಗಿದೆ. ಆಮೇಲೆ ‘ಲಾಗೇ ಬರ್ತಿಲ್ಲ’ ಅಂತ ಅರ್ಧ ದಿನ ಕಳೀಬೇಡಿ. ಜೊತೆಗೆ ಜನರೇಟ್-ಸ್ಟ್ಯಾಟಿಸ್ಟಿಕ್ಸ್ ಹಾಕಿದ್ರೆ ಒಂದು ಸೆಷನ್‌ಗೆ ಎಷ್ಟು ಸ್ಟೇಟ್‌ಮೆಂಟ್ ಹೋಯ್ತು ಅಂತ ಕೊನೇಲಿ ಲೆಕ್ಕ ಕೊಡುತ್ತೆ.

ಪಟ್ಟಿ ನಿಧಾನ ಆಗಿರೋದು ನೂರಕ್ಕೆ ತೊಂಬತ್ತು ಪಾಲು ಎನ್-ಪ್ಲಸ್-ಒನ್, ಅಂದ್ರೆ ಒಂದು ಕ್ವೆರಿ, ಅದರ ಬೆನ್ನಿಗೆ ಸಾಲಿಗೊಂದು ಕ್ವೆರಿ. ಬಿಲ್ಲಿಂದ ಸದಸ್ಯ, ಸದಸ್ಯನಿಂದ ಗ್ರಾಮ, ಎರಡೂ ಮೆನಿ-ಟು-ಒನ್ (ಹಲವಕ್ಕೆ ಒಂದು) ಅಲ್ವಾ? ಅದು ಜೆಪಿಎಯಲ್ಲಿ (ಹೈಬರ್ನೇಟ್ ಪಾಲಿಸೋ ಜಾವಾ ಮಾನದಂಡ) ಡಿಫಾಲ್ಟ್ ಆಗಿ ಈಗರ್, ಅಂದ್ರೆ ಕೂಡಲೇ ತರುತ್ತೆ. ಒನ್-ಟು-ಮೆನಿ ಆದ್ರೆ ಲೇಜಿ, ಮುಟ್ಟಿದಾಗಷ್ಟೇ ತರುತ್ತೆ. ನೀವು ಬಿಲ್ಲುಗಳ ಕ್ವೆರಿ ಒಂದು ಕೊಟ್ಟರೆ, ಅದು ಬಂದ ಮೇಲೆ ಒಬ್ಬೊಬ್ಬ ಸದಸ್ಯನಿಗೂ ಒಂದೊಂದು ಸೆಲೆಕ್ಟ್ ಬೇರೆ ಹೊಡೆಯುತ್ತೆ. ಎಲ್ಲಾ ಮೆನಿ-ಟು-ಒನ್‌ಗೂ ಫೆಚ್ ಲೇಜಿ ಅಂತ ಬರೆದು, ಪಟ್ಟಿಯ ಕ್ವೆರಿಗೆ ಮಾತ್ರ ಜಾಯಿನ್ ಫೆಚ್ (ಒಂದೇ ಕ್ವೆರಿಯಲ್ಲಿ ಸೇರಿಸಿ ತರೋದು) ಕೊಡಿ. ಆಗ ಅಲ್ಲಲ್ಲಿ ಲೇಜಿ-ಇನಿಶಿಯಲೈಸೇಶನ್ ಎಕ್ಸೆಪ್ಶನ್ ಹಾರಬಹುದು, ಹೆದರಬೇಡಿ, ಯಾವ ಸ್ಕ್ರೀನ್ ಏನು ಬೇಡುತ್ತೆ ಅಂತ ಅದೇ ತೋರಿಸಿಕೊಡುತ್ತೆ. ಆ ಎಕ್ಸೆಪ್ಶನ್ ಮುಚ್ಚೋಕೆ ಓಪನ್-ಇನ್-ವ್ಯೂ (ಪುಟ ಮುಗಿಯೋ ತನಕ ಸೆಷನ್ ತೆರೆದಿಡೋ ಸೆಟ್ಟಿಂಗ್) ಆನ್ ಬಿಟ್ಟಿರ್ತಾರೆ, ಬೂಟ್‌ನಲ್ಲಿ ಅದು ಡಿಫಾಲ್ಟೇ ಆನ್. ಅದಿದ್ದರೆ ಪುಟ ಬರೀವಾಗಲೂ ಕ್ವೆರಿ ಓಡ್ತಾನೇ ಇರುತ್ತೆ.

ಒಂದು ಎಚ್ಚರಿಕೆ: ಬಿಲ್ಲಿನ ಸಾಲುಗಳಂಥ ಕಲೆಕ್ಷನ್ ಅನ್ನ ಜಾಯಿನ್ ಫೆಚ್ ಮಾಡಿ, ಅದರ ಮೇಲೆ ಪುಟಕ್ಕೆ ಇಪ್ಪತ್ತು ಅಂತ ಮಿತಿ ಹಾಕಿದ್ರೆ, ಹೈಬರ್ನೇಟ್ ಇಡೀ ಫಲಿತಾಂಶವನ್ನ ಮೆಮೊರಿಗೆ ಎಳೆದು ಅಲ್ಲಿ ಕತ್ತರಿಸುತ್ತೆ. ಲಾಗ್‌ನಲ್ಲಿ ಒಂದು ಸಾಲಿನ ವಾರ್ನಿಂಗ್ ಬಿಟ್ರೆ ಸದ್ದೇ ಇಲ್ಲ. ಅಲ್ಲಿ ಜಾಯಿನ್ ಫೆಚ್ ಬಿಟ್ಟು ಬ್ಯಾಚ್-ಸೈಜ್ ಹಾಕಿ, ಹಲವು ಬಿಲ್ಲಿನ ಸಾಲುಗಳನ್ನ ಒಟ್ಟಿಗೆ ತರುತ್ತೆ.

ಬೆಳಗ್ಗಿನ ಮೊದಲ ಬಿಲ್ಲಿನ ಕತೆ ಬೇರೆ. ಮೈಎಸ್‌ಕ್ಯೂಎಲ್‌ನ ವೇಟ್-ಟೈಮ್‌ಔಟ್ ಡಿಫಾಲ್ಟ್ 28,800 ಸೆಕೆಂಡ್, ಅಂದ್ರೆ ಎಂಟು ಗಂಟೆ. ಸಂಜೆ ಕೌಂಟರ್ ಮುಚ್ಚಿದ ಮೇಲೆ ಸರ್ವರ್ ಕಡೆಯಿಂದ ಕನೆಕ್ಷನ್ ಕಡಿದಿರುತ್ತೆ, ನಿಮ್ಮ ಪೂಲ್‌ಗೆ (ಕನೆಕ್ಷನ್ ಕೂಡಿಟ್ಟು ಕೊಡೋ ಲೈಬ್ರರಿ) ಅದು ಗೊತ್ತೇ ಇರಲ್ಲ. ಯಾವ ಪೂಲ್ ಇದೆ ನೋಡಿ. ಹಳೇ ಡಿಬಿಸಿಪಿಯನ್ನ ಕೈಯಾರೆ ಜೋಡಿಸಿದ್ರೆ ಟೆಸ್ಟ್-ಆನ್-ಬಾರೋ, ವ್ಯಾಲಿಡೇಶನ್ ಕ್ವೆರಿ ಕೊಡಬೇಕು. ಅದಕ್ಕಿಂತ ಬೂಟ್ ಜೊತೆ ಬರೋ ಹಿಕಾರಿಗೆ ಹೋಗಿ, ಅದು ಡಿಫಾಲ್ಟ್ ಆಗಿ ಅರ್ಧ ಗಂಟೆಗೆ ಕನೆಕ್ಷನ್ ಹಳತಾಯ್ತು ಅಂತ ಬದಲಾಯಿಸುತ್ತೆ.

ಪೆರ್ಲದಿಂದ

ಪಟೋರ ಡಬಲ್ ಚೋಲ್ ಆದದ್ದು ಯಾಕಂತ ನಾನು ಹೇಳ್ತೇನೆ, ಮಂಗಳೂರಿನ ಒಂದು ಕಡೆ ಇದೇ ಕೇಸು ಕಂಡದ್ದುಂಟು. ದರ್ಜೆಗೆ ಈನಮ್ (ಹೆಸರುಗಳ ನಿಗದಿತ ಪಟ್ಟಿ) ಇಟ್ಟಿದ್ದಾರೆ, ಅದರ ಮೇಲೆ ಎನ್ಯೂಮರೇಟೆಡ್ ಅಂತ ಬರೆದು ಬಿಟ್ಟಿದ್ದಾರೆ, ಸ್ಟ್ರಿಂಗ್ ಅಂತ ಹೇಳಲಿಲ್ಲ. ಹೇಳದಿದ್ದರೆ ಅದು ಆರ್ಡಿನಲ್: ಟೇಬಲಿನಲ್ಲಿ ಹೆಸರಿಲ್ಲ, ಬರೀ ಸ್ಥಾನದ ಅಂಕೆ. ಮೊದಲು ಹೊಸತು 0, ಚೋಲ್ 1, ಪಟೋರ 2, ಉಳ್ಳಿ 3, ಕರಿಗೋಟು 4 ಅಂತ ಇದ್ದಿರಬೇಕು. ಯಾರೋ ಚೋಲನ್ನು ಸಿಂಗಲ್, ಡಬಲ್ ಅಂತ ಎರಡು ಮಾಡಿ ಮಧ್ಯದಲ್ಲಿ ತುರುಕಿಸಿದರು. ಈಗ 2 ಅಂದರೆ ಡಬಲ್ ಚೋಲ್. ಉಳ್ಳಿ ಇದ್ದದ್ದು ಪಟೋರ ಆಗಿರ್ತದೆ, ಕರಿಗೋಟು ಹೋಗಿ ಉಳ್ಳಿ. ಕರಿಗೋಟು ಮಾರಿದವ ಮಾತ್ರ ಸದ್ಯ ದೂರು ಕೊಡಲಿಕ್ಕಿಲ್ಲ ಬಿಡಿ.

ಈನಮನ್ನು ವಾಪಸ್ ಹಳೇ ಕ್ರಮಕ್ಕೆ ತಿರುಗಿಸಬೇಡಿ ಮಾರಾಯ್ರೇ. ಅಪ್‌ಡೇಟಿನ ನಂತರ ಬರೆದ ಸಾಲುಗಳು ಹೊಸ ಕ್ರಮದಲ್ಲಿ ಕೂತಿವೆ, ಅವು ಕೆಡ್ತವೆ. ದರ್ಜೆ-ಕೋಡ್ ಅಂತ ಹೊಸ ಕಾಲಮ್ ಸೇರಿಸಿ, ಅಕ್ಷರದಲ್ಲಿ. ಅಪ್‌ಡೇಟಿನ ಮೊದಲಿನ ಸಾಲುಗಳಿಗೆ ಹಳೇ ಕ್ರಮದಿಂದ, ನಂತರದ್ದಕ್ಕೆ ಹೊಸ ಕ್ರಮದಿಂದ ತುಂಬಿಸಿ. ಗಡಿ ಯಾವುದು ಅನ್ನುವುದು ಶಾಖೆ ಶಾಖೆಗೆ ಬೇರೆ, ಎಲ್ಲ ಕಡೆ ಒಂದೇ ಹೊತ್ತಿಗೆ ಹಾಕಿರ್ಲಿಕ್ಕಿಲ್ಲ. ತಾಳೆ ನೋಡ್ಲಿಕ್ಕೆ ಒಳ್ಳೇ ಉಪಾಯ ಉಂಟು: ಪ್ರತಿ ಸಾಲಿನಲ್ಲಿ ಕಿಲೋ ದರ ಉಂಟಲ್ಲ. ಆ ದಿನದ ಡಬಲ್ ಚೋಲ್ ದರವೂ ಪಟೋರದ ದರವೂ ಒಂದೇ ಇರುವುದಿಲ್ಲ. ದರಪಟ್ಟಿ ಜೊತೆ ಜಾಯಿನ್ ಮಾಡಿ, ಹೊಂದದ್ದನ್ನು ತೆಗೆದು ಕೈಯಲ್ಲಿ ನೋಡಿ. ಹಳೇ ಕಾಲಮನ್ನು ಒಂದು ಆಡಿಟ್ ಮುಗಿಯುವವರೆಗೆ ಅಳಿಸಬೇಡಿ.

ಮತ್ತೆ ಸ್ಟ್ರಿಂಗ್ ಅಂತ ಬರೆದರೂ ಸಾಕಾಗುವುದಿಲ್ಲ. 6.2ರಿಂದ ಮೈಎಸ್‌ಕ್ಯೂಎಲ್‌ನಲ್ಲಿ ಸ್ಟ್ರಿಂಗ್ ಈನಮಿಗೆ ಡೇಟಾಬೇಸಿನ ಈನಮ್ ಮಾದರಿಯ ಕಾಲಮ್ಮೇ ಬೇಕು ಅಂತ ಹೈಬರ್ನೇಟ್ ನಿರೀಕ್ಷಿಸ್ತದೆ, ನಿಮ್ಮ ವಾರ್‌ಚಾರ್ ಕಂಡರೆ ವ್ಯಾಲಿಡೇಶನ್ ಕೂಗ್ತದೆ. ಆಟ್ರಿಬ್ಯೂಟ್ ಕನ್ವರ್ಟರ್ (ಜಾವಾದ ಬೆಲೆಯನ್ನು ಕಾಲಮಿನ ಬೆಲೆಗೆ ಬದಲಿಸುವ ಕ್ಲಾಸು) ಬರೆದು ನಿಮ್ಮದೇ ಕೋಡ್ ಇಡಿ, ಈ ರಗಳೆಯೇ ಇಲ್ಲ.

ಅಕ್ಕಲಕೋಟೆಯಿಂದ, ಸದ್ಯ ಪುಣೆಯೊಳಗ

ಆವೃತ್ತಿ ಬದಲಿ ಮಾಡೂದು ಹೆಂಗ ಅಂತ ಕೇಳೀರಿ, ನಾ ಅದರ ಬಗ್ಗೆ ಅಷ್ಟೇ ಹೇಳ್ತೀನ್ರಿ. ಮೊದಲ ನಿಮ್ಮ ಸೆಟ್ಟಿಂಗ್‌ನ್ಯಾಗ ಡಿಡಿಎಲ್-ಆಟೋ (ಟೇಬಲಿನ ರಚನಾ ಹೈಬರ್ನೇಟ್ ಏನು ಮಾಡಬೇಕು ಅನ್ನೂದು) ಏನೈತಿ ನೋಡ್ರಿ. ಅಪ್‌ಡೇಟ್ ಅಂತ ಇದ್ರ ಇವತ್ತೇ ವ್ಯಾಲಿಡೇಟ್ (ಬರೇ ತಾಳಿ ನೋಡೂದು) ಮಾಡ್ರಿ. ಅಪ್‌ಡೇಟ್ ಕಾಲಮ್ ಹೆಚ್ಚು ಮಾಡ್ತದ, ತಗಿಯೂದಿಲ್ಲ. ಫೀಲ್ಡಿನ ಹೆಸರು ಬದಲಿ ಮಾಡಿದ್ರ ಖಾಲಿ ಕಾಲಮ್ ಒಂದು ಹೊಸದಾಗಿ ಹುಟ್ಟತದ, ಡೇಟಾ ಎಲ್ಲಾ ಹಳೇದ್ರಾಗ ಕುಂತಿರತದ. ಫ್ಲೈವೇ ಇಲ್ಲಾ ಲಿಕ್ವಿಬೇಸ್ ತಗೋರಿ, ಈಗಿನ ಸ್ಕೀಮಾಕ್ಕ ಬೇಸ್‌ಲೈನ್ ಹಾಕ್ರಿ, ಇನ್ನ ಮುಂದ ಬದಲಾವಣಿ ಎಲ್ಲಾ ಬರದಿಟ್ಟ ಎಸ್‌ಕ್ಯೂಎಲ್ ಫೈಲಿನಿಂದನ ಆಗ್ಲಿ.

ಹಾರೂದು ಎರಡು ಹಂತದಾಗ. ಮೊದಲ ಬೂಟ್ 2.7, ಅದರಾಗ ಹೈಬರ್ನೇಟ್ 5.6 ಬರತದ, ಜಾವಾ 17ರ ಮ್ಯಾಲೂ ಓಡತದ. ಮ್ಯಾಲಿನವರ ಒತ್ತಾಯ ಅಲ್ಲಿಗೇ ಅರ್ಧ ತೀರತು. ಅಲ್ಲೇ ಸ್ವಲ್ಪ ದಿವಸ ನಿಲ್ರಿ, ಆದ್ರ ಮನಿ ಕಟ್ಟಬ್ಯಾಡ್ರಿ, 2.7ರ ಉಚಿತ ಬೆಂಬಲ 2023ರ ನವೆಂಬರಿಗೇ ಮುಗದೈತಿ. ಆಮ್ಯಾಲ ಬೂಟ್ 3, ಅದಕ್ಕ ಜಾವಾ 17 ಬೇಕಬೇಕು, ಜಾವಾಕ್ಸ್ ಪರ್ಸಿಸ್ಟೆನ್ಸ್ ಹೋಗಿ ಜಕಾರ್ತಾ ಪರ್ಸಿಸ್ಟೆನ್ಸ್ ಆಗತದ. ಇಲ್ಲಿ ಮಂದಿ ಎಡಿಟರಿನ್ಯಾಗ ಜಾವಾಕ್ಸ್ ಇದ್ದದ್ದೆಲ್ಲಾ ಜಕಾರ್ತಾ ಮಾಡಿಬಿಡ್ತಾರ. ಜಾವಾಕ್ಸ್.ಎಸ್‌ಕ್ಯೂಎಲ್, ಜಾವಾಕ್ಸ್.ಕ್ರಿಪ್ಟೊ ಇವು ಜೆಡಿಕೆದಾಗಿನವು, ಅವು ಹಂಗ ಇರತಾವ. ಓಪನ್‌ರೀರೈಟ್ ಅಂತ ಸಾಧನ ಐತಿ, ಈ ಕೆಲಸಕ್ಕ ತಯಾರ ರೆಸಿಪಿ ಅದಾವ.

ನಿಮ್ಮ ಹೊದಿಕಿ ಬಿಸಾಕಬ್ಯಾಡ್ರಿ. ಅದು ನಿಮ್ಮ ಕಡೆ ಇರೂದು ನಿಮ್ಮ ದೈವ ರೀ. ಹಳೇ ಕ್ರೈಟೀರಿಯಾ 5.2ರಿಂದನ ಡಿಪ್ರಿಕೇಟೆಡ್, 6ರಾಗ ಪೂರ್ತಿ ತಗದಾರ. ನೂರಾರು ಕ್ಲಾಸಿನ್ಯಾಗ ಅದು ಹರಡಿದ್ರ ಸಾಯ್ತಿದ್ರಿ, ನಿಮ್ದು ಒಂದೇ ಕಡೆ ಐತಿ. ಹೊರಗಿನ ಮೆಥಡ್ ಹಂಗ ಇಟ್ಟು, ಒಳಗ ಜೆಪಿಎ ಕ್ರೈಟೀರಿಯಾದಾಗ ಬರೀರಿ, ಇದನ್ನ 5.6ರ ಮ್ಯಾಲಿದ್ದಾಗನ ಮಾಡ್ರಿ. ಎರಡೂ ನಮೂನಿ ಅಲ್ಲಿ ಓಡತಾವ, ಒಂದೇ ಪ್ರಶ್ನೆಗೆ ಎರಡರ ಉತ್ತರ ಪಕ್ಕಪಕ್ಕ ಇಟ್ಟು ನೋಡಬಹುದು. 6ಕ್ಕ ಹೋದ ಮ್ಯಾಲ ಆ ಸೌಲತ್ತು ಸಿಗೂದಿಲ್ಲ.

ಯೂಸರ್‌ಟೈಪ್ (ತಮ್ಮದ ಡೇಟಾ ಮಾದರಿ ಓದಿ ಬರಿಯೂ ಕ್ಲಾಸು) ಏನರ ಬರದಾರೇನು, ತೂಕಕ್ಕ, ರೊಕ್ಕಕ್ಕ? 6 ಕಾಲಮಿನ ಹೆಸರಿನಿಂದ ಓದೂದಿಲ್ಲ, ಸ್ಥಾನದಿಂದ ಓದತದ. ಹಿಂಗಾಗಿ ನಲ್-ಸೇಫ್-ಗೆಟ್ ಮೆಥಡಿನ ರೂಪ ಬದಲಿ ಆಗೇತಿ, ಕಂಪೈಲ್ ಆಗೂದಿಲ್ಲ.

ಮಡಕಶಿರದಿಂದ

ನಾನು ಡಿಬಿಎ, ಡೇಟಾಬೇಸ್ ನಿರ್ವಹಣೆ ನನ್ನ ಕೆಲಸ, ಹಾಗಾಗಿ ಸ್ವಲ್ಪ ಕಟುವಾಗಿ ಹೇಳುತ್ತೇನೆ. ಮೇಲಿನವರು ಜಾಯಿನ್ ಫೆಚ್ ಅಂದರು, ಒಪ್ಪಿದೆ, ಆದರೆ ಪಟ್ಟಿ ಮತ್ತು ವರದಿಗಳಿಗೆ ಎಂಟಿಟಿಯೇ (ಟೇಬಲಿಗೆ ಹೊಂದಿಸಿದ ಜಾವಾ ಕ್ಲಾಸು) ಯಾಕೆ ಬೇಕು? ಓದಿ ತೋರಿಸಿ ಬಿಡುವ ಸಾಲಿಗೆ ಹೈಬರ್ನೇಟ್ ಒಂದು ನಕಲು ಇಟ್ಟುಕೊಂಡು ಬದಲಾಗಿದೆಯೋ ಅಂತ ಕಾಯುತ್ತದೆ. ಬೇಕಾದ ಐದಾರು ಕಾಲಮನ್ನು ಡಿಟಿಒಗೆ (ಡೇಟಾ ಹೊರುವ ಸರಳ ಕ್ಲಾಸು) ನೇರ ಸೆಲೆಕ್ಟ್ ಮಾಡಿ. ತಿಂಗಳ ವರದಿಗಳಿಗೆ ನೇಟಿವ್ ಎಸ್‌ಕ್ಯೂಎಲ್ ಬರೆದರೆ ಯಾರೂ ಬೈಯುವುದಿಲ್ಲ. ಹಾಗಂತ ಎಲ್ಲವನ್ನೂ ಎಸ್‌ಕ್ಯೂಎಲ್‌ಗೆ ತಿರುಗಿಸುವುದು ಹುಚ್ಚು. ಖಾತೆ, ಜಮಾ, ಬಿಲ್ಲು ಬರೆಯುವ ಕಡೆ ವರ್ಷನ್ ಕಾಲಮ್ ಹಾಕಿ ಹೈಬರ್ನೇಟಿಗೇ ಬಿಡಿ. ಎರಡು ಕೌಂಟರಿನಲ್ಲಿ ಒಬ್ಬನೇ ಸದಸ್ಯನ ಬಾಕಿ ತಿದ್ದಿದಾಗ ಎರಡನೆಯವನನ್ನು ಅದು ತಡೆಯುತ್ತದೆ, ಕೈಯಲ್ಲಿ ಬರೆದ ಅಪ್‌ಡೇಟಿನಲ್ಲಿ ಆ ಶರತ್ತು ಮರೆಯುವವರೇ ಹೆಚ್ಚು.

ಮಾರ್ಚ್ 31ರ ಬಡ್ಡಿ ಲೆಕ್ಕ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಎಲ್ಲ ಸದಸ್ಯರನ್ನೂ ಎಳೆದರೆ ಮಧ್ಯ ಮಧ್ಯ ಫ್ಲಶ್, ಕ್ಲಿಯರ್ ಮಾಡಿ, ಅಂದರೆ ಡೇಟಾಬೇಸಿಗೆ ಬರೆದು ಸೆಷನ್ ಖಾಲಿ ಮಾಡಿ. ಐಡಿಗೆ ಐಡೆಂಟಿಟಿ (ಅಂಕೆಯನ್ನು ಡೇಟಾಬೇಸೇ ಕೊಡುವುದು) ಇಟ್ಟಿದ್ದರೆ ಇನ್ಸರ್ಟ್‌ಗಳ ಬ್ಯಾಚಿಂಗ್ ನಡೆಯುವುದೇ ಇಲ್ಲ, ಸೆಟ್ಟಿಂಗ್ ಎಷ್ಟು ಹಾಕಿದರೂ.

ಬದಿಯಡ್ಕ (ಕೇಳಿದವರು)

ಎಲ್ಲರಿಗೂ ಉಪಕಾರ. ಪೂಲ್ ಡಿಬಿಸಿಪಿಯೇ ಇತ್ತು, ಹಿಕಾರಿ ಹಾಕಿದೆವು, ಬೆಳಗ್ಗಿನ ದೂರು ನಿಂತಿತು. ಪಟ್ಟಿಯ ಲಾಗ್ ನೋಡಿ ನಮಗೇ ನಾಚಿಕೆ ಆಯ್ತು, ಒಂದೇ ಗ್ರಾಮದ ಟೇಬಲಿಗೆ ಸಾಲುಸಾಲು ಸೆಲೆಕ್ಟ್. ದರ್ಜೆಯ ಕೆಲಸ ದರಪಟ್ಟಿ ಇಟ್ಟುಕೊಂಡು ನಡೀತಾ ಉಂಟು.

ಇನ್ನೊಂದು. ಸದಸ್ಯರ ಹೆಸರು ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಉಂಟು. ಕೆಲವು ಹೆಸರು ಕಣ್ಣಿಗೆ ಒಂದೇ, ಹುಡುಕಿದರೆ ಸಿಗುವುದಿಲ್ಲ. ಇದೂ ಮ್ಯಾಪಿಂಗ್ ತೊಂದರೆಯಾ?

ಕುಂಬಳೆಯಿಂದ

ಅಲ್ಲ ಅಣ್ಣ, ಅದು ಯೂನಿಕೋಡಿನದ್ದು. ಮಲಯಾಳದ ಚಿಲ್ಲಕ್ಷರಗಳಿಗೆ (ಸ್ವರವಿಲ್ಲದ ವ್ಯಂಜನಗಳಿಗೆ) 2008ರ ಯೂನಿಕೋಡ್ 5.1ರಲ್ಲಿ ಪ್ರತ್ಯೇಕ ಸಂಕೇತ ಬಂತು. ಅದಕ್ಕೆ ಮೊದಲು ವ್ಯಂಜನ, ಚಂದ್ರಕಲೆ, ಮೇಲೆ ಒಂದು ಜೋಡಕ ಅಂತ ಬರೀತಿದ್ದದ್ದು. ಹಳೇ ಕೀಬೋರ್ಡಿನಲ್ಲಿ ಹೊಡೆದ ಹೆಸರೂ ಹೊಸದರಲ್ಲಿ ಹೊಡೆದದ್ದೂ ತೆರೆಯಲ್ಲಿ ಒಂದೇ, ಒಳಗೆ ಬೇರೆ. ಜಾವಾದ ನಾರ್ಮಲೈಜರ್ ಇವೆರಡನ್ನು ಒಂದು ಮಾಡುವುದಿಲ್ಲ, ನೀವೇ ಬದಲಾಯಿಸುವ ಪಟ್ಟಿ ಬರೀಬೇಕು. ಕನ್ನಡದ ಓಕಾರವನ್ನು ತುಂಡು ತುಂಡಾಗಿ ಹೊಡೆದಿದ್ದರೆ ನಾರ್ಮಲೈಜರಿನ ಎನ್‌ಎಫ್‌ಸಿ ಸರಿ ಮಾಡ್ತದೆ, ಆದರೆ ‘ರಾಜ್‌ಕುಮಾರ್’ ಅನ್ನುವಲ್ಲಿ ಮಧ್ಯೆ ಅಡಗಿರುವ ಕಾಣದ ಅಕ್ಷರವನ್ನು ಅದು ಮುಟ್ಟುವುದಿಲ್ಲ.

ಮೂಲ ಹೆಸರನ್ನು ತಿದ್ದಬೇಡಿ, ಪಾಸ್‌ಬುಕ್ಕಿನಲ್ಲಿ ಅವರು ಬರೆಸಿದ ಹಾಗೆಯೇ ಬರಬೇಕು. ಹುಡುಕಲಿಕ್ಕೆ ಅಂತ ಬೇರೆ ಕಾಲಮ್ ಇಟ್ಟು, ಪ್ರಿ-ಪರ್ಸಿಸ್ಟ್, ಪ್ರಿ-ಅಪ್‌ಡೇಟಿನಲ್ಲಿ (ಉಳಿಸುವ ಮೊದಲು ತಾನೇ ಓಡುವ ಮೆಥಡುಗಳು) ಶುದ್ಧ ಮಾಡಿದ ರೂಪ ತುಂಬಿಸಿ. ಹುಡುಕುವ ಪೆಟ್ಟಿಗೆಗೆ ಬಂದ ಪದಕ್ಕೂ ಅದೇ ಶುದ್ಧಿ.

ಬದಿಯಡ್ಕ (ಕೇಳಿದವರು)

2.7 ದಾಟಿ, ಹೊದಿಕೆಯ ಒಳಗನ್ನು ಬದಲಾಯಿಸಿ, ಟೆಸ್ಟ್ ಮೆಷಿನಿನಲ್ಲಿ 6 ಹಾಕಿ ನೋಡಿದೆವು. ಹಳೇ ಡೇಟಾ ಎಲ್ಲ ಓದ್ತದೆ. ಹೊಸ ಸದಸ್ಯ ಸೇರಿಸಿದರೆ ಮಾತ್ರ ಡುಪ್ಲಿಕೇಟ್ ಎಂಟ್ರಿ 1 ಅಂತ ಬೀಳ್ತದೆ. ಐಡಿ ಆಗಲೇ ಸಾವಿರ ದಾಟಿ ಹೋಗಿ ಆಗಿದೆ, ಮತ್ತೆ 1 ಎಲ್ಲಿಂದ ಬಂತು?

ಹೊಸೂರಿನಿಂದ

ಟೆಸ್ಟ್‌ನಲ್ಲಿ ಡಿಡಿಎಲ್-ಆಟೋ ಇನ್ನೂ ಅಪ್‌ಡೇಟ್ ಇದೆ ಅನ್ನಿಸುತ್ತೆ, ನೋಡಿ. ಐಡಿ ಆಟೋ (ಅಂಕೆ ಕೊಡೋ ರೀತಿ ಹೈಬರ್ನೇಟೇ ಆರಿಸೋದು) ಇದ್ದಾಗ 5ರಲ್ಲಿ ಎಲ್ಲ ಎಂಟಿಟಿಗೂ ಹೈಬರ್ನೇಟ್-ಸೀಕ್ವೆನ್ಸ್ ಅನ್ನೋ ಒಂದೇ ಟೇಬಲ್. 6ರಲ್ಲಿ ಎಂಟಿಟಿಗೊಂದು, ಹೆಸರಿನ ಕೊನೆಗೆ ಎಸ್‌ಇಕ್ಯೂ ಸೇರಿಸಿ ಹೊಸ ಟೇಬಲ್ ಹುಡುಕುತ್ತೆ. ಅದು ಇಲ್ಲ ಅಂತ ಅಪ್‌ಡೇಟ್ ತಾನೇ ಸೃಷ್ಟಿಸಿ 1ರಿಂದ ಶುರು ಮಾಡಿದೆ. ವ್ಯಾಲಿಡೇಟ್ ಇದ್ದಿದ್ರೆ ಟೇಬಲ್ ಇಲ್ಲ ಅಂತ ಏಳೋವಾಗಲೇ ನಿಂತುಬಿಡ್ತಿತ್ತು.

ಹೆಸರೊಂದನ್ನ ಹಳೇದಕ್ಕೆ ತಿರುಗಿಸಿದ್ರೆ ಪೂರ್ತಿ ಆಗಲ್ಲ. ಹೆಚ್ಚಳದ ಡಿಫಾಲ್ಟ್ ಈಗ 50, ನಿಮ್ಮ ಹಳೇ ಟೇಬಲ್ ಒಂದೊಂದೇ ಏರಿಸಿಕೊಂಡು ಬಂದದ್ದು. 50 ಅಂತ ನಂಬಿ ಹೈಬರ್ನೇಟ್ ಆ ಅಂಕೆಯಿಂದ ಹಿಂದಕ್ಕೆ ಎಣಿಸಿದ್ರೆ ಇರೋ ಐಡಿಗಳ ಮೇಲೇ ಬಂದು ಬೀಳುತ್ತೆ. ಸೀಕ್ವೆನ್ಸ್-ಜನರೇಟರ್ ಅನೊಟೇಶನ್ ಹಾಕಿ, ಅದರಲ್ಲಿ ಹಳೇ ಟೇಬಲಿನ ಹೆಸರು, ಅಲೊಕೇಶನ್-ಸೈಜ್ 1, ಎರಡನ್ನೂ ಪ್ರತಿ ಎಂಟಿಟಿಯಲ್ಲಿ ಬಿಡಿಸಿ ಬರೀರಿ. ಟೆಸ್ಟ್‌ನಲ್ಲಿ ಹುಟ್ಟಿದ ಆ ಹೊಸ ಟೇಬಲ್‌ಗಳನ್ನ ಡ್ರಾಪ್ ಮಾಡಿ, ವ್ಯಾಲಿಡೇಟ್‌ನಲ್ಲಿ ಎಬ್ಬಿಸಿ, ಆಮೇಲೆ ಒಬ್ಬ ಸದಸ್ಯನನ್ನ ಸೇರಿಸಿ ಐಡಿ ಎಷ್ಟು ಬಂತು ಹೇಳಿ.